ಗೇರುಹಣ್ಣಿನ ಬಾಯಾರಿಕೆ

ನಮ್ಮ ಕಡೆ ಮನೆಗೆ ಯಾರು ಬಂದರೂ ಮೊದಲು ಕೇಳುವುದು "ಬಾಯಾರಿಕೆಗೆ ಎಂತ?" ಎಂದು. ಘಟ್ಟದ ಮೇಲಿನವರಿಗೆ ಇದು ತಮಾಷೆಯಾಗಿ ಕಾಣುತ್ತದಂತೆ. ಅವರಿಗೆ ಬಾಯಾರಿಕೆ ಎಂದರೆ ಗಂಟಲು ಒಣಗುವುದು ಮಾತ್ರ. ನಮಗೆ ಅದನ್ನು ಆರಿಸಲು ಕೊಡುವ ವಸ್ತುವೂ ಬಾಯಾರಿಕೆಯೇ. ಬೆಲ್ಲ ನೀರಾಗಲಿ, ಮಜ್ಜಿಗೆಯಾಗಲಿ, ಕೊಡಲೇಬೇಕು, ಬಂದವರು ಕುಡಿಯಲೇಬೇಕು. ಎರಡು ಮನೆಗಳಿಗೆ ಮನಸ್ತಾಪ ಬಂದರೆ ಮೊದಲು ನಿಲ್ಲುವುದೂ ಅದೇ. "ಅವರಿಗೂ ನಮಗೂ ಬಾಯಾರಿಕೆ ಇಲ್ಲ" ಎಂದರೆ ಮುಗಿಯಿತು, ಮತ್ತೆ ಯಾರೂ ಏನೂ ಕೇಳುವುದಿಲ್ಲ. ಪುನಃ ಒಂದಾಗಬೇಕಾದರೆ ಎರಡೂ ಕಡೆಯವರು ಚಾವಡಿಯಲ್ಲಿ ಒಟ್ಟಿಗೆ ಕೂತು ಒಂದೇ ಪಾತ್ರೆಯಿಂದ ಹೊಯ್ದದ್ದನ್ನು ಕುಡಿಯಬೇಕು.

ಪಂಜದ ನಮ್ಮ ಮನೆಗೂ ನರಿಮೊಗರಿನ ತ್ಯಾಂಪಣ್ಣ ರೈಗಳ ಮನೆಗೂ ಒಂದೂವರೆ ವರ್ಷ ಬಾಯಾರಿಕೆ ನಿಂತಿತ್ತು. ಕಾರಣ ನನ್ನ ತಮ್ಮ ದುಗ್ಗಪ್ಪ. ಅವನ ಹೆಂಡತಿ ವಾಸಂತಿ ಆ ಮನೆಯ ಹುಡುಗಿ, ತ್ಯಾಂಪಣ್ಣ ರೈಗಳ ಸೊಸೆ. ಅಂದರೆ ಅವರ ತಂಗಿ ಪಂಕಜಾಕ್ಷಿಯ ಮಗಳು. ನಮ್ಮಲ್ಲಿ ಹುಡುಗಿಯ ವಿಷಯದಲ್ಲಿ ಕೊನೆಯ ಮಾತು ಸೋದರಮಾವನದ್ದು.

ದುಗ್ಗಪ್ಪ ನೆಟ್ಟಣದಲ್ಲಿ ರೈಲು ದಾರಿಯ ಕೆಲಸಕ್ಕೆ ಮೇಸ್ತ್ರಿಯಾಗಿ ಹೋದವನು ಅಲ್ಲಿ ಕುಡಿಯಲು ಕಲಿತ. ದಾರಿ ಮುಗಿಯಿತು, ರೈಲು ಓಡಿತು, ಅವನ ಕುಡಿತ ನಿಲ್ಲಲಿಲ್ಲ. ಹೊಡೆಯುವವನಲ್ಲ, ಬೈಯುವವನಲ್ಲ. ಆದರೆ ಒಂದು ದಿನ ವಾಸಂತಿಗೆ ಜ್ವರ ಏರಿ ಮಾತು ತೊದಲುತ್ತಿತ್ತು. "ಡಾಕ್ಟರನ್ನು ಕರ್ಕೊಂಡು ಬರ್ತೇನೆ" ಎಂದು ಹೊರಟವನು ಪೇಟೆಯ ಸಾರಾಯಿ ಗಡಂಗಿನಲ್ಲಿ ಕೂತ. ಬಂದದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ನಾನು ಯಾರ್ಯಾರದ್ದೋ ಕಾಲು ಹಿಡಿದು ಜೀಪು ಮಾಡಿಸಿ ಅವಳನ್ನು ಪುತ್ತೂರಿಗೆ ಸೇರಿಸಿದ್ದೆ. ಆಸ್ಪತ್ರೆಯಿಂದಲೇ ಅವಳನ್ನು ಮಾವ ನರಿಮೊಗರಿಗೆ ಕರೆದುಕೊಂಡು ಹೋದರು.

ಆಮೇಲೂ ಏಳು ತಿಂಗಳು ಕುಡಿದ. ಒಂದು ಬೆಳಿಗ್ಗೆ ಏನಾಯಿತೋ, ಮಿಂದು ಬಂದು ಮನೆಯ ದೈವದ ಗುಡಿಯ ಎದುರು ನಿಂತು "ಇನ್ನು ಬಾಯಿಗೆ ಮುಟ್ಟಿಸುವುದಿಲ್ಲ" ಎಂದ. ಮನೆಯಲ್ಲಿದ್ದ ಕುಪ್ಪಿ, ಗೇರುಹಣ್ಣು ಕೊಳೆಯಿಸುತ್ತಿದ್ದ ಮಡಕೆ, ಎಲ್ಲವನ್ನೂ ಬಾವಿಕಟ್ಟೆಯ ಹತ್ತಿರ ಕೊಂಡುಹೋಗಿ ಒಡೆದ. ನಾನು ನೋಡುತ್ತ ನಿಂತಿದ್ದೆ. ಒಂದೇ ಒಂದು ಮಡಕೆಯನ್ನು ಮಾತ್ರ ಅವನು ಬೆನ್ನು ತಿರುಗಿಸಿದಾಗ ಎತ್ತಿ ಅಟ್ಟದಲ್ಲಿಟ್ಟೆ. ಅದು ನಮ್ಮ ಅಮ್ಮ ಉಪ್ಪು ಮಾವಿನಕಾಯಿ ಹಾಕುತ್ತಿದ್ದ ಮಡಕೆ. ಕುತ್ತಿಗೆ ಸಪುರ, ಹೊಟ್ಟೆ ದೊಡ್ಡದು, ಇಡೀ ಬೇಸಗೆ ನೀರು ತಣ್ಣಗೆ ಇಡುತ್ತಿತ್ತು. ಅವನು ಅದನ್ನು ಹಾಳು ಕೆಲಸಕ್ಕೆ ಬಳಸಿದ್ದು ಮಡಕೆಯ ತಪ್ಪಾ ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೊಂದು ತಿಂಗಳು ಅವನು ಮಾತು ಉಳಿಸಿಕೊಂಡ. ಸುದ್ದಿ ನರಿಮೊಗರಿಗೂ ಹೋಯಿತು. ಎಂಬತ್ತೊಂದನೇ ಇಸವಿಯ ಎಪ್ರಿಲಿನಲ್ಲಿ ರೈಗಳ ಒಂದು ಕಾರ್ಡು ಬಂತು. ಆಗ ನಾನು ಊರಿನ ರಾತ್ರಿ ಶಾಲೆಗೆ ಹೋಗಲು ಶುರು ಮಾಡಿ ಎರಡನೇ ವರ್ಷ. ಒತ್ತಕ್ಷರ ಬಂದಲ್ಲಿ ನಿಂತು ನಿಂತು ಓದಿದೆ. ದುಗ್ಗಪ್ಪನಿಗೆ ಓದಲು ಬರುತ್ತಿತ್ತು, ಆದರೆ ಕಾರ್ಡನ್ನು ಮುಟ್ಟುವ ಧೈರ್ಯ ಅವನಿಗಿರಲಿಲ್ಲ. ಕಂಬ ಹಿಡಿದು ನಿಂತಿದ್ದ.

"ಎಂತ ಬರೆದದ್ದು ಅಕ್ಕ?"

"ಆದಿತ್ಯವಾರ ಹತ್ತು ಗಂಟೆಗೆ ಬರ್ತಾರಂತೆ. ಮೂರು ಜನ. ವಾಸಂತಿಯೂ ಉಂಟು. ಬಾಯಾರಿಕೆ ಕುಡಿತಾರಂತೆ."

"ಊಟ?"

"ಊಟಕ್ಕೆ ನಿಲ್ಲುವುದಿಲ್ಲ ಅಂತ ಉಂಟು."

ಅವನು ಕಂಬ ಬಿಟ್ಟು ಮೆಟ್ಟಿಲಲ್ಲಿ ಕೂತ. "ಹಾಗಾದ್ರೆ ನನ್ನನ್ನು ನೋಡ್ಲಿಕ್ಕೆ ಬರುದು. ಎತ್ತು ನೋಡಿದ ಹಾಗೆ. ಸರಿ ಕಂಡ್ರೆ ಅವಳನ್ನು ಬಿಟ್ಟು ಹೋಗ್ತಾರೆ, ಇಲ್ಲದಿದ್ರೆ ಮಧ್ಯಾಹ್ನದ ಬಸ್ಸಿಗೆ ವಾಪಸ್."

"ನಿನ್ನಲ್ಲಿ ಸರಿಯಿಲ್ಲದ್ದು ಈಗ ಎಂತ ಉಂಟು? ಹನ್ನೊಂದು ತಿಂಗಳಾಯ್ತು."

"ಅವರಿಗೆ ಹನ್ನೊಂದು ತಿಂಗಳು ಕಾಣುದಿಲ್ಲ ಅಕ್ಕ. ಆ ಒಂದು ರಾತ್ರಿ ಕಾಣುದು."

ಮತ್ತೆ ಅವನೇ ಹೇಳಿದ, ಮದುವೆಯಾದ ವರ್ಷ ವಾಸಂತಿಯನ್ನು ಪುತ್ತೂರಿಗೆ ಕರೆದುಕೊಂಡು ಹೋದಾಗ ಒಂದು ಅಂಗಡಿಯಲ್ಲಿ ಹಣ್ಣಿನ ರಸಕ್ಕೆ ಗೋಲಿ ಸೋಡ ಹೊಯ್ದು, ಮೇಲೆ ಗುಲಾಬಿ ಎಸಳು ಹಾಕಿ ಕೊಟ್ಟಿದ್ದರಂತೆ. ಮೂಗಿಗೆ ಚುರುಚುರು ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳಂತೆ. "ಅಂಥದ್ದು ಮಾಡ್ಲಿಕ್ಕೆ ಆಗ್ತದಾ?" ಎಂದು ಕೇಳಿದ. ನಲವತ್ತು ವರ್ಷದ ಗಂಡಸು ಹಾಗೆ ಕೇಳಿದರೆ ಆಗುವುದಿಲ್ಲ ಎನ್ನಲು ಬಾಯಿ ಬರುತ್ತದಾ?

ಗುಲಾಬಿಗೆ ನಾನು ಎಲ್ಲಿಗೆ ಹೋಗಲಿ? ಆದರೆ ಗುಡ್ಡದ ಬದಿಯಲ್ಲಿ ಕೇಪುಳ ಕೆಂಪಗೆ ಅರಳಿತ್ತು, ಗೇರುಹಣ್ಣು ಮರದಡಿ ಬೀಳುತ್ತಿತ್ತು. ಶುಕ್ರವಾರ ಬೆಳಿಗ್ಗೆ ಮರದಿಂದಲೇ ಕೊಯ್ದ ಹಣ್ಣು ತಂದು, ಬೀಜ ತಿರುಚಿ ತೆಗೆದು, ಹಿಂಡಿ ರಸ ಮಾಡಿದೆ. ಗೇರುಹಣ್ಣಿನ ರಸ ಹಾಗೇ ಕುಡಿದರೆ ಗಂಟಲು ಕೆರೆಯುತ್ತದೆ. ಅದಕ್ಕೆ ಗಂಜಿಯ ತಿಳಿ ಹೊಯ್ದು ಬಿಡಬೇಕು, ಕೆರೆತವೆಲ್ಲ ಮಡ್ಡಿಯಾಗಿ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಬೆಲ್ಲ ಕರಗಿಸಿ, ಏಲಕ್ಕಿ ಜಜ್ಜಿ ಹಾಕಿ, ಎರಡು ಮುಷ್ಟಿ ಕೇಪುಳದ ಹೂ ಬಿಟ್ಟೆ. ಹೂವನ್ನು ಕುದಿಸಲಿಲ್ಲ, ಕುದಿಸಿದರೆ ಪರಿಮಳ ಹೋಗುತ್ತದೆ. ಬಣ್ಣ ನಿಧಾನಕ್ಕೆ ಇಳಿಯಲಿ, ಆದಿತ್ಯವಾರಕ್ಕೆ ಸರಿಯಾಗುತ್ತದೆ ಎಂದುಕೊಂಡೆ. ಬಡಿಸುವಾಗ ಅರ್ಧ ಲೋಟ ಇದು, ಅರ್ಧ ಲೋಟ ಗೋಲಿ ಸೋಡ.

ಇಡುವುದು ಯಾವುದರಲ್ಲಿ? ಹಿತ್ತಾಳೆಯದ್ದರಲ್ಲಿ ಇಟ್ಟರೆ ಕಿಲುಬು. ಅಟ್ಟದಿಂದ ಅಮ್ಮನ ಮಡಕೆ ಇಳಿಸಿದೆ. ಬೂದಿ ಹಾಕಿ, ಬೈಹುಲ್ಲಿನಿಂದ ಮೂರು ಸಲ ತಿಕ್ಕಿ, ಬಿಸಿಲಿಗೆ ಕವುಚಿ ಹಾಕಿದೆ. ಮೂಗಿನ ಹತ್ತಿರ ಹಿಡಿದು ನೋಡಿದೆ. ಏನೂ ಇರಲಿಲ್ಲ. ನನ್ನ ಮೂಗಿಗೆ ಏನೂ ಇರಲಿಲ್ಲ ಎಂದು ಹೇಳುವುದು ಸರಿ. ಗಂಡ ತೀರಿದ ವರ್ಷ ಹಲ್ಲುನೋವಿಗೆಂದು ಶುರು ಮಾಡಿದ ನಸ್ಯ, ಇಪ್ಪತ್ತು ವರ್ಷದಿಂದ ಬಿಟ್ಟಿರಲಿಲ್ಲ, ಮೂಗು ಸತ್ತೇ ಹೋಗಿತ್ತು. ತಮ್ಮನಿಗೆ ದಿನಕ್ಕೆ ಹತ್ತು ಸಲ "ಬಿಡು, ಬಿಡು" ಎಂದವಳ ಸೊಂಟದಲ್ಲೇ ನಸ್ಯದ ಡಬ್ಬಿ ಇತ್ತು. ಹಿಂಡಿದ ದಿನ ಒಂದು ಚಮಚ ಬಾಯಿಗೆ ಹಾಕಿ ನೋಡಿದ್ದೆ, ಸಿಹಿ ಸರಿಯಿತ್ತು. ಆಮೇಲೆ ಮುಟ್ಟಲಿಲ್ಲ. ಬರುವವರಿಗೆ ಎಂದು ತೆಗೆದಿಟ್ಟದ್ದನ್ನು ಮನೆಯವರು ಮೊದಲೇ ರುಚಿ ನೋಡಬಾರದು ಎಂದು ಅಮ್ಮ ಕಲಿಸಿದ್ದಳು.

ಮಡಕೆಯ ಬಾಯಿಗೆ ಬಾಡಿಸಿದ ಬಾಳೆಲೆ ಮುಚ್ಚಿ ನಾರಿನಲ್ಲಿ ಕಟ್ಟಿ ಅಡಿಗೆಕೋಣೆಯ ಮೂಲೆಯಲ್ಲಿ ಗೋಣಿ ಹೊದಿಸಿಟ್ಟೆ. ದುಗ್ಗಪ್ಪನ ಕಣ್ಣಿಗೆ ಅದು ಬೀಳಬಾರದಿತ್ತು. ಶನಿವಾರ ಸಂಜೆ ನೋಡಿದರೆ ಎಲೆ ಹೊಟ್ಟೆ ಬಂದ ಹಾಗೆ ಮೇಲೆ ಉಬ್ಬಿತ್ತು. ಸೆಖೆಗೆ ಹಾಗಾಗಿದೆ ಎಂದುಕೊಂಡು ಒತ್ತಿ ಗಾಳಿ ಬಿಟ್ಟು ಪುನಃ ಕಟ್ಟಿದೆ. ಮರುದಿನದ ತಿಂಡಿಗೆ ಹಲಸಿನ ಹಣ್ಣಿನ ಗಟ್ಟಿಗೆ ಅಕ್ಕಿ ಕಡೆಯುವುದಿತ್ತು. ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಆದಿತ್ಯವಾರ ಎಂಟು ಗಂಟೆಗೆ ದುಗ್ಗಪ್ಪ ಬಿಳಿ ಅಂಗಿ ಹಾಕಿ ಸೋಡ ತರಲು ಹೊರಟ. ಹಸನಬ್ಬನ ಸೋಡದ ಅಂಗಡಿ ಪೇಟೆಯಲ್ಲಿ. ನಡೆದರೆ ಅರ್ಧ ಗಂಟೆ. ಗಡಂಗು ಅದರಿಂದ ನಾಲ್ಕು ಮಾರು ಆಚೆ.

"ಒಂಬತ್ತಕ್ಕೆ ಇಲ್ಲಿರಬೇಕು" ಎಂದೆ.

"ಒಂಬತ್ತೂಕಾಲು ಮಾಡು" ಎಂದು ನಗುತ್ತ ಮೆಟ್ಟಿಲಿಳಿದ.

ಅತಿಥಿಗಳು ಒಂಬತ್ತೂವರೆಗೇ ಬಂದರು. ದುಗ್ಗಪ್ಪ ಬಂದಿರಲಿಲ್ಲ.

ಮುಂದೆ ತ್ಯಾಂಪಣ್ಣ ರೈಗಳು, ಕೊಡೆ ಊರಿಕೊಂಡು. ಅರುವತ್ತಮೂರು ವರ್ಷ, ಬಿಳಿಯ ದಪ್ಪ ಮೀಸೆ. ಹುಟ್ಟಿದಂದಿನಿಂದ ಕಳ್ಳು ಸಾರಾಯಿಯ ಹನಿ ಮುಟ್ಟದವರು ಎಂದು ನರಿಮೊಗರಿನಲ್ಲೇ ಹೆಸರು. ಹಿಂದೆ ಪಂಕಜಾಕ್ಷಿ ಅಕ್ಕ, ಬಿಸಿಲಿಗೆ ಕೆಂಪಾದ ಮುಖ. ಅವರ ಹಿಂದೆ ವಾಸಂತಿ. ಸಪುರವಾಗಿದ್ದಳು. ನನ್ನ ಕಣ್ಣು ನೋಡಿ ಮೆಲ್ಲ ತಲೆ ಆಡಿಸಿದಳು, ನಗಲಿಲ್ಲ. ಕೈಯಲ್ಲಿ ಚೀಲ ಇರಲಿಲ್ಲ. ಅದನ್ನು ನಾನು ಮೊದಲು ನೋಡಿದೆ.

ಕಾಲಿಗೆ ನೀರು ಕೊಟ್ಟೆ. ಚಾವಡಿಯಲ್ಲಿ ಚಾಪೆ ಹಾಸಿದೆ. ರೈಗಳು ಕೂತುಕೊಂಡು ಸುತ್ತ ನೋಡಿದರು.

"ಅವ ಎಲ್ಲಿ?"

"ಪೇಟೆಗೆ ಹೋಗಿದ್ದಾನೆ ಮಾವ. ಸೋಡ ತರ್ಲಿಕ್ಕೆ."

"ಪೇಟೆಗೆ!" ಅವರು ಪಂಕಜಾಕ್ಷಿ ಅಕ್ಕನ ಕಡೆ ತಿರುಗಿದರು. "ಆವತ್ತು ಡಾಕ್ಟರು, ಇವತ್ತು ಸೋಡ. ತರ್ಲಿಕ್ಕೆ ಹೋಗುದು ಮಾತ್ರ ಬೇರೆ ಬೇರೆ. ದಾರಿ ಒಂದೇ."

"ಅಣ್ಣ, ಸ್ವಲ್ಪ ಸುಮ್ಮನಿರಿ" ಎಂದರು ಪಂಕಜಾಕ್ಷಿ ಅಕ್ಕ. "ಸೀತು, ಬಾಯಾರಿಕೆ ಕೊಡು ಮಾರಾಯ್ತಿ. ಬಸ್ಸಿನಲ್ಲಿ ನಿಂತೇ ಬಂದದ್ದು. ಗಂಟಲು ಅಂಟಿ ಹೋಗಿದೆ."

ಬೆಲ್ಲ ನೀರು ಕೊಟ್ಟು ಕಾಯಿಸಬಹುದಿತ್ತು. ಆದರೆ ರೈಗಳ ಕಣ್ಣು ದಾರಿಯ ಮೇಲೆ, ನನ್ನ ಕಣ್ಣೂ ದಾರಿಯ ಮೇಲೆ. ಏನಾದರೂ ವಿಶೇಷದ್ದು ಎದುರಿಗಿಟ್ಟರೆ ಹತ್ತು ನಿಮಿಷ ಆದರೂ ಹೋದೀತು ಎನಿಸಿತು. ಸೋಡ ಇಲ್ಲದಿದ್ದರೆ ಇಲ್ಲ, ಹಣ್ಣಿನ ರಸ ಉಂಟಲ್ಲ. ಒಳಗೆ ಹೋಗಿ ಎಲೆ ಬಿಚ್ಚಿ ಹೂಜಿಗೆ ಬಗ್ಗಿಸಿದೆ. ನನಗೇ ಆಶ್ಚರ್ಯ. ಸೂರ್ಯ ಮುಳುಗುವಾಗಿನ ಬಣ್ಣ, ಅದರ ತುಂಬ ಸಣ್ಣ ಸಣ್ಣ ಗುಳ್ಳೆ, ಅಡಿಯಿಂದ ಸಾಲಾಗಿ ಎದ್ದು ಬರುತ್ತಿದೆ. ಗಂಜಿ ತಿಳಿಯ ಗುಣವೋ ಕೇಪುಳದ ಗುಣವೋ ಅಂದುಕೊಂಡೆ. ಬೇಕಾದದ್ದು ತಾನಾಗಿ ಸಿಕ್ಕಿದಾಗ ಹೇಗೆ ಸಿಕ್ಕಿತು ಎಂದು ಕೇಳುವ ಬುದ್ಧಿ ಬರುವುದಿಲ್ಲ. ದೈವ ನಡೆಸಿಕೊಟ್ಟಿತು ಎಂದು ಮನಸ್ಸಿನಲ್ಲೇ ಕೈ ಮುಗಿದು, ಗಾಜಿನ ಲೋಟಗಳಿಗೆ ಹೊಯ್ದು, ಒಂದೊಂದರ ಮೇಲೆ ಎರಡೆರಡು ಹೊಸ ಕೇಪುಳ ತೇಲಿಸಿ ತಂದೆ.

ರೈಗಳು ಒಂದು ಗುಟುಕು ಕುಡಿದು ನಿಲ್ಲಿಸಿದರು.

"ಇದೆಂತ?"

"ಗೇರುಹಣ್ಣು ಮಾವ. ಕೇಪುಳ ಹಾಕಿದೆ."

"ಲಾಯ್ಕುಂಟು" ಎಂದು ಲೋಟ ಬರಿದು ಮಾಡಿ ಮೀಸೆಯ ನೊರೆ ಒರಸಿದರು. "ಸೋಡ ಜೋರುಂಟು. ಮೂಗಿಗೇ ಹೊಡಿತದೆ. ಇನ್ನೊಂದು ಹೊಯಿ."

ಪಂಕಜಾಕ್ಷಿ ಅಕ್ಕನೂ ಕುಡಿದರು. "ಗೇರುಹಣ್ಣಿನ ವಾಸನೆ ಸ್ವಲ್ಪ ಗಾಢ ಉಂಟು. ಆದ್ರೆ ತಂಪು" ಎಂದರು. ವಾಸಂತಿ ಲೋಟ ಎತ್ತಿ ಮುಖದ ಹತ್ತಿರ ತಂದು, ಹಾಗೇ ಕೆಳಗಿಟ್ಟಳು. ನನ್ನನ್ನು ನೋಡಿದಳು. ಆ ನೋಟ ನನಗೆ ಅರ್ಥವಾಗಲಿಲ್ಲ. ಸಿಟ್ಟು ಇನ್ನೂ ಹೋಗಿಲ್ಲ, ಈ ಮನೆಯ ಬಾಯಾರಿಕೆ ಅವಳಿಗೆ ಬೇಡ ಎಂದು ತಿಳಿದುಕೊಂಡೆ.

ಹತ್ತಾಯಿತು. ಹತ್ತೂಕಾಲು. ಹಲಸಿನ ಗಟ್ಟಿ ಬಡಿಸಿದೆ. ರೈಗಳು ಎರಡನೇ ಲೋಟ ಮುಗಿಸಿ ಕಂಬಕ್ಕೆ ಒರಗಿದರು. ಮಾತು ಜೋರಾಯಿತು. ತಾನು ಹೇಗೆ ಯಾವ ಮದುವೆಯಲ್ಲೂ ಯಾರ ಒತ್ತಾಯಕ್ಕೂ ಬಗ್ಗಲಿಲ್ಲ, ಕುಡುಕರನ್ನು ಕಂಡರೆ ಹೇಗೆ ಗುರುತು ಹಿಡಿಯುತ್ತೇನೆ, ಎಲ್ಲ ಹೇಳಿದರು. ಹೇಳಿದ್ದನ್ನೇ ಪುನಃ ಹೇಳಿದರು. "ನನ್ನ ಮೂಗಿನಿಂದ ತಪ್ಪಿಸ್ಲಿಕ್ಕೆ ಯಾರಿಂದಲೂ ಸಾಧ್ಯ ಇಲ್ಲ. ಗೊತ್ತುಂಟಾ ಸೀತು? ಯಾರಿಂದಲೂ!" ಎಂದು ಚಾಪೆಗೆ ಗುದ್ದಿದರು. ಪಂಕಜಾಕ್ಷಿ ಅಕ್ಕ ಯಾಕೋ ಬಾಯಿಗೆ ಸೆರಗು ಹಿಡಿದು ನಕ್ಕರು.

ಹತ್ತೂವರೆಗೆ ಅಂಗಳದಲ್ಲಿ ಕುಪ್ಪಿಗಳ ಸದ್ದು ಕೇಳಿತು. ದುಗ್ಗಪ್ಪ ಆರು ಸೋಡ ಕುಪ್ಪಿಯ ಮರದ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಬೆವರಿ ನಿಂತಿದ್ದ. ಅಂಗಿಯ ತೋಳಲ್ಲಿ ರಕ್ತದ ಕಲೆ.

"ಮಾವ, ತಡ ಆಯ್ತು" ಎಂದ. ಹಾಸುಗಲ್ಲಿನ ಮೇಲೆ ಪೆಟ್ಟಿಗೆ ಇಳಿಸಿದ. ವಾಸಂತಿಯ ಕಡೆ ನೋಡಬೇಕೋ ಬೇಡವೋ ಎಂದು ಗೊತ್ತಾಗದೆ ನೆಲ ನೋಡಿದ. "ಸೋಡ ತುಂಬಿಸುವಾಗ ಕುಪ್ಪಿ ಒಡೆದು ಹಸನಬ್ಬನ ಕೈ ಕೊಯ್ದುಹೋಯ್ತು. ಬಟ್ಟೆ ಕಟ್ಟಿ, ಮತ್ತೆ ಚಕ್ರ ತಿರುಗಿಸಿ ತುಂಬಿಸಿದ್ದು ನಾನೇ."

"ಕೆಲಸ ಇಲ್ವಾ ನಿನಗೆ?" ಎಂದರು ರೈಗಳು. "ಆಗ್ಲೇ ಸೋಡ ಹಾಕಿದ್ದನ್ನು ಕುಡಿದಾಯ್ತು. ಮತ್ತೆ ಸೋಡ ಯಾಕೆ?"

"ಸೋಡ ಎಲ್ಲಿತ್ತು ಮಾವ ಮನೆಯಲ್ಲಿ? ತರ್ಲಿಕ್ಕೇ ನಾನು ಹೋದದ್ದಲ್ವಾ."

ಆ ಒಂದು ಮಾತು ಕೇಳಿ ನನಗೆ ನೆಲ ಸರಿದ ಹಾಗಾಯಿತು. ಪೆಟ್ಟಿಗೆ ಒಳಗಿಡುವ ನೆವ ಮಾಡಿ ಎತ್ತಿಕೊಂಡು ಅಡಿಗೆಕೋಣೆಗೆ ಬಂದೆ. ಆರು ಕುಪ್ಪಿಯ ಕೊರಳಲ್ಲೂ ಗೋಲಿ ಗಟ್ಟಿ ಕೂತಿತ್ತು. ಸೋಡ ಈಗ ಬಂದದ್ದು. ಹಾಗಾದರೆ ಗುಳ್ಳೆ ಎಲ್ಲಿಂದ? ಮೂಗನ್ನು ನಂಬುವ ಹಾಗಿರಲಿಲ್ಲ. ಮಡಕೆಯ ಬಾಯಿಗೆ ಕಿವಿ ಕೊಟ್ಟೆ. ಒಳಗಿನಿಂದ ಸಣ್ಣಗೆ ಚರಚರ ಸದ್ದು, ದೂರದಲ್ಲಿ ಮಳೆ ಬರುವಾಗ ಎಲೆಯ ಮೇಲೆ ಕೇಳುವಂತೆ. ಹಿಂದೆ ದುಗ್ಗಪ್ಪ ಅಟ್ಟದಡಿಯಲ್ಲಿ ಹಣ್ಣು ಕೊಳೆಯಿಸುತ್ತಿದ್ದಾಗ ಇದೇ ಸದ್ದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಮಣ್ಣಿನ ಮೈ ಒಳಗೆ ಹೊಕ್ಕದ್ದನ್ನು ಬೂದಿ ತೆಗೆಯಲಿಲ್ಲ, ಬಿಸಿಲೂ ತೆಗೆಯಲಿಲ್ಲ. ಅಮ್ಮನ ಮಡಕೆ ತನಗೆ ಕಲಿಸಿದ ಕೆಲಸವನ್ನು ಎರಡು ದಿನದಲ್ಲಿ ಮಾಡಿ ಮುಗಿಸಿತ್ತು.

ಹನ್ನೊಂದು ತಿಂಗಳಲ್ಲಿ ಆ ಮನೆಯೊಳಗೆ ಮೊದಲ ಸಲ ಹುಟ್ಟಿದ ಅಮಲು, ನನ್ನ ಕೈಯಿಂದ!

ಚಾವಡಿಯಿಂದ ರೈಗಳ ದನಿ ಕೇಳಿತು. "ಇಲ್ಲಿ ಬಾ. ಹತ್ತಿರ ಬಾ. ಬಾಯಿ ಬಿಡು."

ನಾನು ಬಾಗಿಲಿಗೆ ಬರುವಾಗ ದುಗ್ಗಪ್ಪ ಮೊಣಕಾಲೂರಿ ಅವರ ಎದುರು ಬಾಯಿ ತೆರೆದು ಕೂತಿದ್ದ. ಕಿವಿ ಕೆಂಪಾಗಿತ್ತು. ರೈಗಳು ಮೀಸೆಯೊಟ್ಟಿಗೆ ಮುಖ ಮುಂದೆ ತಂದು, ಉಸಿರೆಳೆದು, ಹಿಂದೆ ಸರಿದರು.

"ವಾಸನೆ ಉಂಟು."

"ಇಲ್ಲ ಮಾವ."

"ಉಂಟು! ನನ್ನ ಬಾಯಿಗೇ ಬಂದ ಹಾಗೆ ಉಂಟು. ಪಂಕಜಾ, ನಾನು ಹೇಳ್ಲಿಲ್ವಾ? ಎರಡೂವರೆ ಗಂಟೆ ಇವ ಸೋಡದ ಚಕ್ರ ತಿರುಗಿಸಿದ್ದಂತೆ. ಯಾವ ಚಕ್ರ ಅಂತ ನನಗೆ ಗೊತ್ತುಂಟು. ಏಳು ವಾಸಂತಿ, ಬಸ್ಸಿಗೆ ಹೊತ್ತಾಯ್ತು."

"ಮಾವ, ದೈವದಾಣೆ ನಾನು ಮುಟ್ಟಲಿಲ್ಲ" ಎಂದ ದುಗ್ಗಪ್ಪ. ಮತ್ತೆ ಅವನ ಮೂಗಿನ ಹೊಳ್ಳೆ ಅಗಲವಾಯಿತು. ರೈಗಳ ಮುಖ ನೋಡಿದ, ಬರಿದಾದ ಲೋಟಗಳನ್ನು ನೋಡಿದ, ಹೂಜಿ ನೋಡಿದ. ಆಮೇಲೆ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ. ಅವನಿಗೆ ತಿಳಿಯಿತು. ಅವನಿಗೆ ತಿಳಿಯದೆ ಇನ್ನು ಯಾರಿಗೆ ತಿಳಿಯಬೇಕು?

ಪಂಕಜಾಕ್ಷಿ ಅಕ್ಕನದ್ದು ಹೆಂಗರುಳು. ಹೂಜಿ ಎತ್ತಿ ಒಂದು ಲೋಟಕ್ಕೆ ತುಂಬ ಹೊಯ್ದರು, ತಮ್ಮದೇ ಲೋಟದಿಂದ ಒಂದು ಕೇಪುಳ ತೆಗೆದು ಅದಕ್ಕೆ ಹಾಕಿದರು. "ಅಣ್ಣ, ಒಂದು ನಿಮಿಷ. ದುಗ್ಗಪ್ಪ, ಇಲ್ಲಿ ನೋಡು ಮಗಾ. ನೀನು ಕುಡಿಯಲಿಲ್ಲ ಅಂತ ಆದ್ರೆ ಈ ಬಾಯಾರಿಕೆ ಕೈಯಲ್ಲಿ ಹಿಡಿದು ಹೇಳು. ಹೇಳಿ ನಮ್ಮೆದುರು ಕುಡಿ. ಬಾಯಾರಿಕೆ ಹಿಡಿದು ಸುಳ್ಳು ಹೇಳುವವ ನೀನಲ್ಲ, ಅಷ್ಟು ನನಗೆ ಗೊತ್ತುಂಟು. ಮತ್ತೆ ಎಲ್ಲ ಮುಗಿದ ಲೆಕ್ಕ. ಅಲ್ವಾ ಅಣ್ಣ?"

ರೈಗಳು ಕೊಡೆ ಹಿಡಿದುಕೊಂಡೇ ಗಂಟಲು ಸರಿಮಾಡಿದರು. "ಹೂಂ. ಕುಡಿಯಲಿ."

ದುಗ್ಗಪ್ಪನ ಕೈಗೆ ಲೋಟ ಬಂತು.

ಕುಡಿದಿಲ್ಲ ಎಂದು ತೋರಿಸಲು ಅವನು ಕುಡಿಯಬೇಕಿತ್ತು. ಕುಡಿದರೆ ಹನ್ನೊಂದು ತಿಂಗಳು ಹೋಯಿತು. ಕುಡಿಯದಿದ್ದರೆ ವಾಸಂತಿ ಹೋದಳು. ಲೋಟದ ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಹೂವಿನ ಎಸಳಿಗೆ ಅಂಟುತ್ತಿದ್ದವು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದ, ಒಂದು ಹನಿಯೂ ಚೆಲ್ಲಲಿಲ್ಲ. ನನ್ನನ್ನು ಇನ್ನೊಂದು ಸಲ ನೋಡಿದ. ಹೇಳು ಎಂದು ಕೇಳುವ ನೋಟ ಅದಲ್ಲ. ಹೇಳಬೇಡ ಎನ್ನುವ ಹಾಗಿತ್ತು.

ನಾನು ಹೇಳಬೇಕಿತ್ತು, ಆ ಕ್ಷಣವೇ. ಆದರೆ ಹೇಳಿದರೆ ಈ ಮನೆಯ ಮೂಲೆಯಲ್ಲಿ ಅಮಲಿನ ಮಡಕೆ ಇತ್ತು ಎಂದಾಗುತ್ತದೆ. ಅವನು ಒಡೆದ ಮೇಲೂ ಉಳಿದಿತ್ತು, ಅಕ್ಕನೇ ಅಡಗಿಸಿಟ್ಟಿದ್ದಳು ಎಂದಾಗುತ್ತದೆ. ತಮ್ಮನಿಗೋಸ್ಕರ ಅಕ್ಕ ಸುಳ್ಳು ಹೇಳುತ್ತಾಳೆ ಎಂದು ಯಾರಾದರೂ ಅಂದಾರು. ಮುಖ್ಯವಾಗಿ, ಸ್ವತಃ ರೈಗಳಿಗೇ ನಾನು ಕುಡಿಸಿದ್ದೇನೆ. ನಾಲಗೆ ಮೇಲೆ ಏಳಲಿಲ್ಲ. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಒಂದು ಕಾಗೆ ಅಂಗಳದ ಈ ಕೊನೆಯಿಂದ ಆ ಕೊನೆಗೆ ಕುಪ್ಪಳಿಸಿ ಹೋಗುವಷ್ಟು. ಇವತ್ತಿಗೂ ನನಗೆ ಬೇಸರವಿರುವುದು ಮಡಕೆಯ ಬಗ್ಗೆ ಅಲ್ಲ, ಆ ಹೊತ್ತಿನ ಬಗ್ಗೆ.

ದುಗ್ಗಪ್ಪ ಲೋಟವನ್ನು ಮೆಲ್ಲ ನೆಲದ ಮೇಲಿಟ್ಟ.

"ನನ್ನಿಂದ ಆಗುದಿಲ್ಲ ಅತ್ತೆ."

"ನೋಡಿದಿರಾ!" ರೈಗಳು ಎದ್ದರು. ಕಾಲು ಸ್ವಲ್ಪ ತಪ್ಪಿ ಕಂಬ ಹಿಡಿದರು. "ಬಾಯಾರಿಕೆ ಹಿಡಿದು ಸುಳ್ಳು ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಅಷ್ಟಾದರೂ ಉಂಟಲ್ಲ ಮಾನ! ನಡೆಯಿರಿ."

ಅವರು ಮೆಟ್ಟಿಲಿಗೆ ಕಾಲಿಟ್ಟಾಗ ನನ್ನ ಬಾಯಿ ಬಿಟ್ಟುಕೊಂಡಿತು.

"ಮಾವ, ನಿಲ್ಲಿ. ವಾಸನೆ ಅವನ ಬಾಯಿಂದ ಬಂದದ್ದಲ್ಲ. ನಿಮ್ಮ ಮೀಸೆಯಿಂದ ಬಂದದ್ದು."

ನಾನು ಒಳಗೆ ಹೋಗಿ ಮಡಕೆ ಎತ್ತಿ ತಂದು ಎಲ್ಲರ ನಡುವೆ ಇಟ್ಟೆ. ಇಟ್ಟ ಅಲುಗಾಟಕ್ಕೆ ಅದು ಬುಸ್ಸೆಂದು ನೊರೆ ಉಕ್ಕಿಸಿತು. ಅಟ್ಟದ ಕಥೆ, ಬೂದಿಯ ಕಥೆ, ಉಬ್ಬಿದ ಎಲೆಯ ಕಥೆ, ನನ್ನ ನಸ್ಯದ ಕಥೆ, ಒಂದನ್ನೂ ಬಿಡದೆ ಹೇಳಿದೆ. ದುಗ್ಗಪ್ಪ ಮಡಕೆಯನ್ನೇ ನೋಡುತ್ತಿದ್ದ. "ಅಕ್ಕ, ಇದನ್ನು ಒಡೆಯಲಿಲ್ವಾ ನಾನು?" ಎಂದು ಕೇಳಿದ. ಸಣ್ಣ ಮಗುವಿನ ಹಾಗೆ ಕೇಳಿದ.

ರೈಗಳು ಮೀಸೆಯನ್ನು ಬೆರಳಿಂದ ಒರಸಿ ಮೂಸಿದರು. ಪುನಃ ಮೂಸಿದರು. ಮುಖ ಕಪ್ಪಿಟ್ಟಿತು.

"ಅರುವತ್ತಮೂರು ವರ್ಷ" ಎಂದರು. "ಅರುವತ್ತಮೂರು ವರ್ಷ ಒಂದು ಹನಿ ಮುಟ್ಟದ ಬಾಯಿಗೆ... ಎರಡು ಲೋಟ!"

"ಮೂರನೆಯದ್ದೂ ಕೇಳಿದ್ದಿರಿ ಅಣ್ಣ. ನಾನೇ ಬೇಡ ಅಂದದ್ದು" ಎಂದರು ಪಂಕಜಾಕ್ಷಿ ಅಕ್ಕ. ಹೇಳಿ, ತಡೆಯಲಾರದೆ, ಸೆರಗು ಬಾಯಿಗೆ ತುರುಕಿಕೊಂಡರು.

"ನಗಬೇಡ! ಇದೆಲ್ಲ ಅಕ್ಕ ತಮ್ಮ ಸೇರಿ ಆಡಿದ ಆಟ ಅಲ್ಲ ಅಂತ ನಾನು ನಂಬುದು ಹೇಗೆ? ಮಡಕೆ ಇತ್ತು. ಅಮಲು ಇತ್ತು. ಇವ ದಾರಿಯಲ್ಲೂ ಕುಡಿದು ಬಂದಿಲ್ಲ ಅಂತ ಯಾರು ಹೇಳಬೇಕು?"

"ನಾನು ಹೇಳ್ತೇನೆ."

ವಾಸಂತಿಯ ದನಿ. ಬಂದ ಮೇಲೆ ಅವಳು ಆಡಿದ ಮೊದಲ ಮಾತು. ಅವಳು ತನ್ನ ಲೋಟ ಎತ್ತಿ ದುಗ್ಗಪ್ಪನ ಲೋಟದ ಪಕ್ಕದಲ್ಲಿಟ್ಟಳು. ಎರಡೂ ಬಾಯಿವರೆಗೆ ತುಂಬಿದ್ದವು.

"ಐದು ವರ್ಷ ಈ ವಾಸನೆಯೊಟ್ಟಿಗೆ ಮಲಗಿದವಳು ನಾನು. ಅಕ್ಕ ಲೋಟ ಕೊಟ್ಟ ಕೂಡಲೇ ಗೊತ್ತಾಯ್ತು. ಬೇಕಂತ ಇಟ್ಟದ್ದಾ, ತಪ್ಪಿ ಆದದ್ದಾ ಗೊತ್ತಾಗಲಿಲ್ಲ. ಅವರು ಬರುವವರೆಗೆ ಮಾತಾಡಬಾರದು ಅಂತ ಕೂತೆ. ಎದುರಿಗೆ ಬಂದಾಗ ಎಂತ ಮಾಡ್ತಾರೆ ನೋಡಬೇಕಿತ್ತು." ಅವಳ ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. "ಅಮ್ಮ ಕೈಗೇ ಹಿಡಿಸಿದ್ರು. ಕುಡಿದ್ರೆ ನಾನು ಬರ್ತೇನೆ ಅಂತಲೂ ಆಯ್ತು. ಆದ್ರೂ ಕುಡಿಯಲಿಲ್ಲ. ಇನ್ನು ಯಾವ ಬಾಯಿ ಮೂಸಿ ನೋಡ್ಲಿಕ್ಕುಂಟು ಮಾವ?"

"ಗೊತ್ತಿದ್ದೂ ನನ್ನನ್ನು ಎರಡನೇ ಲೋಟ ಕುಡಿಯಲಿಕ್ಕೆ ಬಿಟ್ಟೆಯಾ?"

"ನೀವು ಕುಡಿದ್ರೆ ನನ್ನ ಸಂಸಾರ ಹಾಳಾಗುದಿಲ್ಲ ಮಾವ."

ರೈಗಳು ಏನೋ ಹೇಳಲು ಬಾಯಿ ತೆರೆದರು. ಪಂಕಜಾಕ್ಷಿ ಅಕ್ಕನ ನಗು ಆಗ ಪೂರ್ತಿ ಹೊರಗೆ ಬಂತು. ರೈಗಳು ಮೆಟ್ಟಿಲಲ್ಲೇ ಕೂತು, ಕೊಡೆಯನ್ನು ಮೊಣಕಾಲಿಗೆ ಅಡ್ಡ ಇಟ್ಟು, ತಲೆ ಬಗ್ಗಿಸಿದರು. ಅಳುತ್ತಾರೋ ಎಂದು ನನಗೆ ಹೆದರಿಕೆಯಾಯಿತು. "ನರಿಮೊಗರಿನಲ್ಲಿ ಯಾರೂ ಹೇಳಬಾರದು" ಎಂದರು ಕೊನೆಗೆ, ನೆಲ ನೋಡುತ್ತ.

"ಯಾಕೆ ಹೇಳುದು ಮಾವ? ಬಾಯಾರಿಕೆ ಕುಡಿದದ್ದಲ್ವಾ" ಎಂದ ದುಗ್ಗಪ್ಪ.

ನಾನು ಮಡಕೆಯನ್ನು ಬಾವಿಕಟ್ಟೆಗೆ ಕೊಂಡುಹೋದೆ. ಒಳಗಿದ್ದದ್ದನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಒಂದು ಕ್ಷಣ ಅದರ ಹೊಟ್ಟೆ ಸವರಿ, ಒಗೆಯುವ ಕಲ್ಲಿಗೆ ಬಡಿದೆ. ಒಂದೇ ಪೆಟ್ಟಿಗೆ ಒಡೆಯಲಿಲ್ಲ. ಹಳೇ ಮಣ್ಣು, ಗಟ್ಟಿ. ಮೂರನೇ ಪೆಟ್ಟಿಗೆ ಹೋಯಿತು.

ಹಿಂದೆ ಬರುವಾಗ ಚಾವಡಿಯಲ್ಲಿ ಟಪ್ ಎಂದು ಗೋಲಿ ಒತ್ತಿದ ಸದ್ದು. ವಾಸಂತಿ ಸೋಡ ಒಡೆದು ಒಂದು ಲೋಟಕ್ಕೆ ಹೊಯ್ದು, ಅರ್ಧ ಕುಡಿದು, ಉಳಿದದ್ದನ್ನು ದುಗ್ಗಪ್ಪನ ಕೈಗೆ ಕೊಟ್ಟಳು. ಹಣ್ಣಿಲ್ಲ, ಹೂವಿಲ್ಲ, ಬರೇ ಸೋಡ. ಅವನು ಒಂದೇ ಉಸಿರಿಗೆ ಕುಡಿದ. ಗ್ಯಾಸು ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು. ಗ್ಯಾಸಿನಿಂದಲೇ ಬಂತು ಎಂದು ನಾವೆಲ್ಲ ಅಂದುಕೊಂಡೆವು. ಇನ್ನೊಂದು ಕುಪ್ಪಿ ಒಡೆದು ಪಂಕಜಾಕ್ಷಿ ಅಕ್ಕ ಅಣ್ಣನಿಗೆ ಕೊಟ್ಟರು. ಅವರು ಲೋಟವನ್ನು ಮೊದಲು ಮೂಸಿ ನೋಡಿ, ಆಮೇಲೆ ಕುಡಿದರು. ಸ್ವಲ್ಪ ಹೊತ್ತಲ್ಲಿ ಕಂಬಕ್ಕೆ ಒರಗಿದವರಿಗೆ ಹಾಗೇ ನಿದ್ದೆ ಹತ್ತಿತು.

ಮಧ್ಯಾಹ್ನದ ಬಸ್ಸು ರಸ್ತೆಯ ತಿರುವಿನಲ್ಲಿ ಹಾರನ್ ಹೊಡೆದು ಹೋಯಿತು. ಯಾರೂ ಏಳಲಿಲ್ಲ.

ನಾನು ಅಡಿಗೆಕೋಣೆಯಲ್ಲಿ ಒಲೆಗೆ ಕಟ್ಟಿಗೆ ಇಡುತ್ತಿದ್ದೆ. ಕೈ ಸೊಂಟದ ನಸ್ಯದ ಡಬ್ಬಿಗೆ ಹೋಗಿ ಹೋಗಿ ವಾಪಸ್ ಬರುತ್ತಿತ್ತು. ಹಿಂದಿನಿಂದ ವಾಸಂತಿ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಕ್ಕಿಯ ಡಬ್ಬದ ಮುಚ್ಚಳ ತೆಗೆದಳು.

"ಅಕ್ಕ" ಎಂದಳು, "ಐದು ಜನರಿಗೆ ಎಷ್ಟು ಸೇರು ಹಾಕ್ಲಿ?"